ಎಂಜಿನ್ನಿಗೆ ಟಾಕಿ ಹಾಕಿದ ಅಕ್ಕೋರು

ಅವರ ಎಡಗೈಯ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು ಸಾಸಿವೆ ಚೆಲ್ಲಿದ ಹಾಗೆ ಇದ್ದವು. ಹೊಲಿಗೆ ಮಾಡುವವರ ಬೆರಳಿಗೆ ಇದೇನೂ ಹೊಸದಲ್ಲ. ಆದರೆ ಇವರ ಬೆರಳಿನ ಆ ಸಣ್ಣ ತೂತುಗಳಲ್ಲಿ ಗಾಡಿಯ ಗ್ರೀಸ್ ಇಳಿದು, ಹಚ್ಚೆ ಹಾಕಿಸಿಕೊಂಡಂತೆ ಕಪ್ಪಾಗಿ ಕೂತುಬಿಟ್ಟಿತ್ತು. ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಬೆರಳಿನಿಂದಲೇ ಅವರು ಹುಡುಗಿಯರಿಗೆ ಬಿಳಿ ಬಟ್ಟೆಯ ಮೇಲೆ ಗುಂಡಿಯ ಕಾಜಾ ಹಾಕುವುದನ್ನು ತೋರಿಸುತ್ತಿದ್ದರು. ಬಟ್ಟೆಗೆ ಕಲೆ ಹತ್ತುತ್ತದೆ ಎಂದು ಹೆಡ್‌ಮಾಸ್ತರು ಎರಡು ಸಲ ತಕರಾರು ತೆಗೆದಿದ್ದರು. ಒಂದು ದಿನವೂ ಹತ್ತಲಿಲ್ಲ.

ಜೇವರ್ಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಹೊಲಿಗೆ ಕಲಿಸುತ್ತಿದ್ದರು, ನಾನು ವಿಜ್ಞಾನ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದರಿಂದ ಅವರು ಹೊಲಿಗೆ ಅಕ್ಕೋರು, ನಾನು ಸೈನ್ಸ್ ಅಕ್ಕೋರು. ನಾನು ಆಳಂದ ಕಡೆಯ ಸರಸಂಬಾದವಳು, ಎಪ್ಪತ್ತರ ದಶಕದ ಕೊನೆಗೆ ಮೊದಲ ನೌಕರಿಗೆಂದು ಅಲ್ಲಿಗೆ ಬಂದಿದ್ದೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರನ್ನು ನೆನೆದಾಗ ನನಗೆ ಮೊದಲು ಬರುವುದು ಸಿಟ್ಟು. ಕಣ್ಣೀರು ಆಮೇಲೆ, ಬಂದರೆ. ಇಷ್ಟು ವರ್ಷವಾಯಿತು, ಇನ್ನಾದರೂ ಬಿಟ್ಟುಬಿಡು ಎಂದು ಮನೆಯವರು ಬಿ.ಪಿ. ಗುಳಿಗೆ ಮುಂದಿಡುತ್ತಾರೆ. ಗುಳಿಗೆ ನುಂಗುತ್ತೇನೆ, ಸಿಟ್ಟನ್ನು ನುಂಗುವುದಿಲ್ಲ.

ಅವರ ತಂದೆ ವಕೀಲರು, ಯಡ್ರಾಮಿ ಕಡೆ ಹೊಲ ಇದ್ದವರು. ನಿಜಾಮನ ಕಾಲ ಮುಗಿದಾಗ ಒಬ್ಬ ಜಾಗೀರದಾರರು ಹೈದರಾಬಾದಿಗೆ ಗಂಟುಮೂಟೆ ಕಟ್ಟುತ್ತ ತಮ್ಮ ವಿಲಾಯತಿ ಗಾಡಿಯನ್ನು ಈ ವಕೀಲರಿಗೆ ಕೊಟ್ಟು ಹೋಗಿದ್ದರು. ನಾಲ್ಕು ಬಾಗಿಲು, ಆರು ಸಿಲಿಂಡರು, ಎರಡು ಕಾರ್ಬ್ಯುರೇಟರು, ಮೀಟರಿನ ಮೇಲೆ ನೂರಾ ಇಪ್ಪತ್ತು ಮೈಲಿಯ ತನಕ ಅಂಕಿ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು ಅಕ್ಕೋರನ್ನು ಬಿಟ್ಟು ಗಾಡಿಯ ಬೆಲೆ ಕೇಳುತ್ತಾರೆ. ಹಾಗೆ ಕೇಳಿದವರನ್ನು ಕಂಡಿದ್ದೇನೆ. ವಕೀಲರು ಗಾಡಿಯ ಬಾನೆಟ್ ಎತ್ತಿದಾಗಲೆಲ್ಲ ಪಕ್ಕದಲ್ಲಿ ನಿಲ್ಲುತ್ತಿದ್ದುದು ಮಗಳು. ಮಗನಿಗೆ ಎಂಜಿನ್ನಿನ ಸದ್ದಿಗೇ ಹೆದರಿಕೆ. ಡ್ರೈವಿಂಗ್ ಕಲಿತದ್ದೂ ಮಗಳೇ, ಲೈಸನ್ಸ್ ಮಾಡಿಸಿಕೊಂಡದ್ದೂ ಮಗಳೇ.

ಹದಿನೇಳಕ್ಕೆ ಮದುವೆ, ಇಪ್ಪತ್ತೊಂದಕ್ಕೆ ಗಂಡ ಹೋದ. ತವರಿಗೆ ಬಂದು ಹೊಲಿಗೆಯ ತರಬೇತಿ ಮುಗಿಸಿ ಶಾಲೆ ಸೇರಿದರು. ತಂದೆ ತೀರಿಕೊಂಡ ಮೇಲೆ ಹೊಲದ ಪಾಲು ಬೇಡವೆಂದು ಅಣ್ಣ ಅವರಿಂದ ರುಜು ಹಾಕಿಸಿಕೊಂಡರು. ನಮ್ಮಲ್ಲಿ ಇದಕ್ಕೆ ಯಾರೂ ಜಬರ್ದಸ್ತಿ ಅನ್ನುವುದಿಲ್ಲ, ತವರು ತಣ್ಣಗಿರಲಿ ಅನ್ನುತ್ತಾರೆ. ರುಜು ಹಾಕಿದ ಮಗಳಿಗೆ ಉಡಿ ತುಂಬುವ ಪದ್ಧತಿ. ಆದರೆ ಇವರು ವಿಧವೆ, ಉಡಿ ತುಂಬುವ ಹಾಗಿಲ್ಲವಂತೆ. ರುಜು ಹಾಕಲು ವಿಧವೆಯ ಕೈ ಆಗುತ್ತದೆ, ಖಣ-ಕೊಬ್ಬರಿ ಇಸಿದುಕೊಳ್ಳಲು ಆಗುವುದಿಲ್ಲ. ಇದು ಬಸವಣ್ಣನ ಫೋಟೋದ ಕೆಳಗೆ ಕೂತು ಆಡಿದ ಮಾತು. ಮತ್ತೇನು ಬೇಕು ಕೇಳು ಎಂದು ಅಣ್ಣ ದೊಡ್ಡ ಮನಸ್ಸು ಮಾಡಿದಾಗ ಇವರು ಕೆಟ್ಟು ಗೋದಾಮಿನಲ್ಲಿ ನಿಂತಿದ್ದ ಗಾಡಿ ಕೇಳಿದರು.

"ಆ ಖಟಾರಾನಾ? ತೊಗೊ ಬೇ, ನಿನಗ ಬಿಟ್ಟೆ," ಎಂದು ಅಣ್ಣ ನಕ್ಕರಂತೆ. ಕೂತವರೆಲ್ಲ ನಕ್ಕರಂತೆ. ಕಾಗದಪತ್ರ ತಂದೆಯ ಹೆಸರಿನಲ್ಲೇ ಉಳಿಯಿತು. ಮನೆಯೊಳಗಿನ ಮಾತಿಗೆ ಮುದ್ರೆ ಯಾಕೆ ಎಂದು ಇವರೂ ಸುಮ್ಮನಾದರು.

ನಾನು ಬಾಡಿಗೆಗೆ ಹಿಡಿದದ್ದು ವಕೀಲರ ಅದೇ ಮನೆಯ ಮುಂದಿನ ಖೋಲಿ. ಬಂದ ಎರಡನೆಯ ಭಾನುವಾರ ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದಾಗ ಗೋದಾಮಿನ ಕತ್ತಲೆಯೊಳಗಿಂದ, ನೀವು ಇಂಗ್ಲಿಷ್ ಓದುತ್ತೀರೇನು ಎಂದು ಯಾರೋ ಕೇಳಿದರು. ನೋಡಿದರೆ ಗಾಡಿಯ ಅಡಿಯಿಂದ ಎರಡು ಪಾದಗಳಷ್ಟೇ ಕಾಣುತ್ತಿವೆ. ಗಾಡಿಯ ಮೇಲೆ ಒಂದು ಕಡೆ ಜೋಳದ ಕಣಿಕೆ ಪೇರಿಸಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಅಕ್ಕೋರು ಹೊರಗೆ ಬಂದು, ಒಳಗೆ ಸೇರಿಸಿದ್ದ ಕೊರಳಿನ ಲಿಂಗದ ಕರಡಿಗೆಯನ್ನು ತೆಗೆದು ಸರಿಮಾಡಿಕೊಂಡು, ಒಂದು ಪುಸ್ತಕ ನನ್ನ ಕೈಗಿಟ್ಟರು. ಅಂಚನ್ನೆಲ್ಲ ಇಲಿ ತಿಂದಿದ್ದ ಆ ಪುಸ್ತಕ ಗಾಡಿಯ ಜೊತೆ ಬಂದದ್ದು, ಯಾವ ಭಾಗ ಹೇಗೆ ಬಿಚ್ಚಬೇಕು, ಹೇಗೆ ಕೂಡಿಸಬೇಕು ಎಂದೆಲ್ಲ ಬರೆದಿದ್ದ ಪುಸ್ತಕ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಕೇಳಿ ಮಾಡುವುದು. ಓದಿದ್ದನ್ನು ನಾನು ಮಧ್ಯಾಹ್ನದೊಳಗೆ ಮರೆಯುತ್ತಿದ್ದೆ. ಅವರು ಒಂದಕ್ಷರ ಮರೆಯುತ್ತಿರಲಿಲ್ಲ.

ಅವರು ಗಾಡಿ ಬಿಚ್ಚಿದ ರೀತಿಯನ್ನು ಯಾವ ಗ್ಯಾರೇಜಿನಲ್ಲೂ ನಾನು ಕಂಡಿಲ್ಲ. ಬಿಚ್ಚಿದ ಪ್ರತಿಯೊಂದು ತುಂಡನ್ನೂ ಹಳೆಯ ಸೀರೆಯ ಚೂರಿನಲ್ಲಿ ಗಂಟು ಕಟ್ಟುತ್ತಿದ್ದರು. ಎಂಜಿನ್ನಿನದು ಕೆಂಪು ಸೀರೆ, ಬ್ರೇಕಿನದು ಹಸಿರು, ಬಾಗಿಲಿನದು ಹೂವಿನದು. ಎರಡು ಲೋಹದ ನಡುವೆ ಇಡುವ ಗ್ಯಾಸ್ಕೆಟ್ ಹಾಳೆಯನ್ನು ಜಂಪರಿನ, ಅಂದರೆ ಕುಪ್ಪಸದ, ಕುತ್ತಿಗೆ ತಿರುವುವ ಕತ್ತರಿಯಿಂದಲೇ ಕತ್ತರಿಸಿ ತೆಗೆಯುತ್ತಿದ್ದರು. ಸೀಟುಗಳನ್ನು ದಬ್ಬಣದಿಂದ ಕೈಯಲ್ಲೇ ಹೊಲಿದರು. ಯಾವ ಹುಡುಗಿ ಜಂಪರ್ ಹೊಲಿದು ತಂದರೂ ಅವರು ಮೊದಲು ಅದನ್ನು ಉಲ್ಟಾ ಮಾಡುತ್ತಿದ್ದರು, ಮಾತು ಆಮೇಲೆ. "ಹೊರಗ ಎಲ್ಲಾರೂ ಚಂದನೇ ಹೊಲೀತಾರ," ಅನ್ನುತ್ತಿದ್ದರು. ಗಾಡಿಯನ್ನೂ ಹಾಗೇ. ಹೊರಗಿನ ಬಣ್ಣಕ್ಕೆ ಅವರು ಕೈ ಹಚ್ಚಿದ್ದು ನಾನು ಬಂದ ಏಳನೆಯ ವರ್ಷ.

ಅದೂ ಊರಿನವರ ನಗೆಯ ನಡುವೆ. ಶಾಲೆಗೆ ಹೋಗುವ ದಾರಿಯಲ್ಲಿ ಚಹಾದಂಗಡಿಯ ಮುಂದೆ ಕೂತವರು, ಅಕ್ಕೋರು ಗಾಡಿಗೆ ಜಂಪರ್ ಹೊಲಿದರೇನು ಎಂದು ದಿನಾ ಕೇಳುತ್ತಿದ್ದರು. ಇವರು ನಿಲ್ಲದೆ, "ಅಳತಿ ಕೊಡವಲ್ದುರಿ," ಎಂದು ಹೇಳಿ ಮುಂದೆ ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆ ಗಂಡಸರಲ್ಲಿ ಒಬ್ಬನಿಗೂ ಸ್ವಂತ ಸೈಕಲ್ಲಿನ ಪಂಕ್ಚರ್ ತೆಗೆಯಲು ಬರುತ್ತಿರಲಿಲ್ಲ. ಒಂದೊಂದು ಬೇರಿಂಗಿಗಾಗಿ ಇವರು ಬೇಸಿಗೆ ರಜೆಯಲ್ಲಿ ಬಸ್ಸು ಹತ್ತಿ ಹೈದರಾಬಾದಿನ ಗುಜರಿ ಬಜಾರಿನಲ್ಲಿ ದಿನಗಟ್ಟಲೆ ತಿರುಗಿ ಬರುತ್ತಿದ್ದರು. ವಿಧವೆ ಒಬ್ಬಳೇ ಹೈದರಾಬಾದಿಗೆ ಹೋಗುತ್ತಾಳೆಂದು ಊರಿನಲ್ಲಿ ಅದಕ್ಕೊಂದು ಕಥೆ ಬೇರೆ ಕಟ್ಟಿದರು.

ಏಳನೆಯ ವರ್ಷದ ದೀಪಾವಳಿಯ ಮುಂದೆ ಎಂಜಿನ್ ಮಾತಾಡಿತು. ಮೊದಲು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಹೊಲಿಗೆ ಮಷೀನಿನ ಹಾಗೆ ಒಂದೇ ಸಮ ಓಡಿತು. ಅಕ್ಕೋರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಅರ್ಧ ಗಂಟೆಯಲ್ಲಿ ಓಣಿಯೆಲ್ಲ ಹಿತ್ತಲಿಗೆ ಬಂತು. ಕಡುಹಸಿರು ಬಣ್ಣದ ಆ ಗಾಡಿಯನ್ನು ನೋಡಿದವರು ಕೇಳಿದ ಮೊದಲ ಮಾತು, ಮಿಸ್ತ್ರಿ ಯಾರು? ಅಕ್ಕೋರು ಅಲ್ಲೇ ನಿಂತಿದ್ದರು, ಕೈತುಂಬ ಎಣ್ಣೆ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ಅವರ ಅಣ್ಣ ಎರಡು ಹೆಜ್ಜೆ ಮುಂದೆ ಬಂದು, ಗುಲ್ಬರ್ಗಾದ ಒಬ್ಬ ಮಿಸ್ತ್ರಿ ಇದ್ದಾನೆ ಎಂದರು. ಅಕ್ಕೋರು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಬಾಡಿಗೆಯವಳು. ಏಳು ವರ್ಷ ಖಟಾರಾ ಅನ್ನಿಸಿಕೊಂಡದ್ದು ಆ ಒಂದು ಗಂಟೆಯಲ್ಲಿ 'ನಮ್ಮ ಮನಿ ಗಾಡಿ' ಆಯಿತು. ಗೆದ್ದೆತ್ತಿನ ಬಾಲ ಹಿಡಿಯುವುದು ಹೇಗೆಂದು ನಾನು ಕಲಿತದ್ದು ಅವತ್ತೇ.

ಹೊಸದಾಗಿ ಕೂಡಿಸಿದ ಎಂಜಿನ್ನಿಗೆ ಸಾವಿರ ಮೈಲಿ ಹದವಾಗುವ ತನಕ ಮೂವತ್ತರ ಮೇಲೆ ಓಡಿಸಬಾರದು ಎಂದು ಪುಸ್ತಕದಲ್ಲಿತ್ತು. ನಾನು ಓದಿ ಹೇಳಿದೆ, ಅವರು ಪಾಲಿಸಿದರು. ಭಾನುವಾರ ಬೆಳಿಗ್ಗೆ ಗುಲ್ಬರ್ಗಾ ರಸ್ತೆಯಲ್ಲಿ ಮೂವತ್ತರಲ್ಲೇ ಹೋಗಿ, ಮೂವತ್ತರಲ್ಲೇ ವಾಪಸು. ಎತ್ತಿನ ಗಾಡಿಯವರು ಬಿಟ್ಟರೆ ಉಳಿದವರೆಲ್ಲ ನಮ್ಮನ್ನು ದಾಟಿ ಹೋಗುತ್ತಿದ್ದರು. ಲಾರಿಯವರು ಹಾರ್ನ್ ಹೊಡೆದು ಹಲ್ಲು ಕಿಸಿಯುತ್ತಿದ್ದರು. ಅಕ್ಕೋರು ಮೀಟರು ಬಿಟ್ಟು ಕಣ್ಣು ಕದಲಿಸುತ್ತಿರಲಿಲ್ಲ. ಸಾವಿರ ತುಂಬಿದ ಭಾನುವಾರ ಭೀಮಾ ನದಿಯ ಬ್ರಿಜ್ ತನಕ ಗಾಡಿಯನ್ನು ಅದರ ಓಟಕ್ಕೆ ಬಿಡುವುದು, ನಾನು ಪಕ್ಕದಲ್ಲಿ ಕೂರುವುದು ಎಂದು ನಮ್ಮಿಬ್ಬರ ನಡುವೆ ನಿಕ್ಕಿಯಾಗಿತ್ತು. ಅವರು ಬದುಕಿನಲ್ಲಿ ತಮಗಾಗಿ ಬೇಡಿದ್ದು ಅದೊಂದೇ ಓಟ. ವಕೀಲರ ಮಗ್ಗುಲಲ್ಲಿ ಕೂತು ಹುಡುಗಿಯಾಗಿದ್ದಾಗ ಒಮ್ಮೆ ನೋಡಿದ್ದರಂತೆ, ಸ್ಟೇರಿಂಗ್ ತಮ್ಮ ಕೈಯಲ್ಲಿದ್ದಾಗ ಎಂದೂ ಆಗಿರಲಿಲ್ಲ.

ಒಂಬೈನೂರು ದಾಟಿತ್ತು. ಅಷ್ಟರಲ್ಲಿ ಅಣ್ಣನ ಮಗನ ಮದುವೆ ಬಂತು, ಕಾದ ಹೆಂಚಿನಂಥ ಮೇ ತಿಂಗಳು. ಊರಿನ ಯಾರ ಮದುವೆಯಲ್ಲೂ ಇಲ್ಲದ ಮೆರವಣಿಗೆ ತಮ್ಮ ಮನೆಯಲ್ಲಾಗಬೇಕು, ಮದುಮಗ ಈ ಗಾಡಿಯಲ್ಲಿ ಕೂತು ಬ್ಯಾಂಡಿನ ಹಿಂದೆ ಬರಬೇಕು ಎಂದು ಅಣ್ಣ ಗೋದಾಮಿಗೆ ಬಂದು ಹೇಳಿದರು. ನಾನು ಅಲ್ಲೇ ಇದ್ದೆ.

"ಅಣ್ಣಾ, ಇದು ಓಡಸೂ ಗಾಡಿ, ನಡಸೂ ಗಾಡಿ ಅಲ್ಲ," ಎಂದರು ಅಕ್ಕೋರು. "ಬ್ಯಾಂಡಿನ ಹಿಂದ ಹಚ್ಚಬ್ಯಾಡ. ಮದುಮಕ್ಕಳನ್ನ ಕೂಡಿಸು, ಗುಲ್ಬರ್ಗಾ ತನಕ ನಾನೇ ಓಡಿಸ್ಕೊಂಡು ಹೋಗಿ ಬರ್ತೇನಿ."

ಮದುಮಕ್ಕಳ ಗಾಡಿಯನ್ನು ವಿಧವೆ ಓಡಿಸುವುದು! ಅಣ್ಣನ ಮುಖ ನೋಡುವ ಹಾಗಿತ್ತು. ಅವರು ತಿರುಗಿ ಹೋದರು. ಸಂಜೆ ನನ್ನ ಖೋಲಿಗೆ ಬಂದರು. ಅಷ್ಟು ವರ್ಷದಲ್ಲಿ ಮನೆಯ ಮಾಲೀಕರು ನನ್ನ ಬಾಗಿಲಿಗೆ ಬಂದದ್ದು ಅದೇ ಮೊದಲು. ಕೂತು, ನೀರು ಕುಡಿದು, ಬಹಳ ಮರ್ಯಾದೆಯಿಂದ ಕೇಳಿದರು.

"ನೀವು ಸೈನ್ಸ್ ಓದಿದವರ್ರಿ ಅಕ್ಕೋರ. ಮೆಲ್ಲಕ ನಡಸಿದ್ರ ಗಾಡಿಗೆ ಏನಾರ ಆಗ್ತದೇನ್ರಿ?"

ಸೈನ್ಸ್ ಓದಿದವರು ಎಂಬ ಮಾತಿಗೆ ನಾನು ಉಬ್ಬಿದೆ. ವೇಗ ಕಡಿಮೆಯಾದರೆ ಘರ್ಷಣೆ ಕಡಿಮೆ, ಘರ್ಷಣೆ ಕಡಿಮೆಯಾದರೆ ಶಾಖ ಕಡಿಮೆ. ಒಂಬತ್ತನೆಯ ತರಗತಿಗೆ ನಾನು ಪ್ರತಿ ವರ್ಷ ಹೇಳುವ ಪಾಠ. ಮೆಲ್ಲಗೆ ಹೋದರೆ ಏನೂ ಆಗುವುದಿಲ್ಲ ಎಂದುಬಿಟ್ಟೆ. ಗಾಡಿ ಓಡಿದರೆ ಎದುರುಗಾಳಿ ರೇಡಿಯೇಟರಿಗೆ ಬಡಿದು ನೀರು ತಂಪಾಗುತ್ತದೆ, ಹೆಜ್ಜೆಹೆಜ್ಜೆಗೆ ನಿಂತು ನಡೆದರೆ ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತದೆ ಎಂದು ಅದೇ ಪುಸ್ತಕದಲ್ಲಿ ಬರೆದಿತ್ತು. ನಾನೇ ಐದು ವರ್ಷ ಹಿಂದೆ ಗಟ್ಟಿಯಾಗಿ ಓದಿ ಹೇಳಿದ್ದೆ. ಅಕ್ಕೋರಿಗೆ ನೆನಪಿತ್ತು, ನನಗಿರಲಿಲ್ಲ. ಮರುದಿನ ಗಾಡಿಯ ಕೀಲಿ ಅಣ್ಣನ ಕೈಯಲ್ಲಿತ್ತು. ಅಕ್ಕೋರು ಹೇಗೆ ಒಪ್ಪಿದರೆಂದು ನಾನು ಕೇಳಲೂ ಇಲ್ಲ.

ಮದುವೆಯ ದಿನ ಅಕ್ಕೋರನ್ನು ಹಿತ್ತಲ ಅಡುಗೆಗೆ ಹಾಕಿದ್ದರು. ಶುಭಕಾರ್ಯಕ್ಕೆ ವಿಧವೆಯ ಮುಖ ಬೇಡ, ಕೈ ಬೇಕು. ನಾನು ಮೆರವಣಿಗೆಯಲ್ಲಿ ಆರತಿ ಹಿಡಿದ ಹೆಂಗಸರ ಜೊತೆ ಇದ್ದೆ. ಒಂದು ಫರ್ಲಾಂಗು ದಾರಿಗೆ ಎರಡೂವರೆ ತಾಸು ಹಿಡಿಯಿತು. ಬ್ಯಾಂಡಿನವರು ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಹುಡುಗರು ಕುಣಿಯುವುದು, ಗಾಡಿ ನಿಂತಲ್ಲೇ ಗುರುಗುಡುವುದು. ನೂರಾ ಇಪ್ಪತ್ತು ಮೈಲಿ ಓಡಲು ಹುಟ್ಟಿದ ಗಾಡಿಯನ್ನು ಆಮೆಯ ಹಿಂದೆ ಕಟ್ಟಿದ್ದರು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಾಗ ಜನ ಅದೂ ಒಂದು ಸೋಗು ಎಂದು ಸಿಳ್ಳೆ ಹಾಕಿದರು. ಗುತ್ತಿಗೆಯ ಡ್ರೈವರ್ ಇಳಿದು ಬಾನೆಟ್ ಎತ್ತಿ ನೀರು, ನೀರು ಎಂದ. ಸಮೀಪದಲ್ಲಿದ್ದ ನೀರೆಂದರೆ ಮುಂದೆ ಹೊರಟಿದ್ದ ಹೆಂಗಸರ ತಲೆಯ ಮೇಲಿನ ಕುಂಭ. ಒಳ್ಳೆಯದೇ ಆಯಿತು, ಮಂಗಳದ ನೀರು ಎಂದು ಯಾರೋ ಹಿರಿಯರು ಕುಂಭವನ್ನೇ ಇಳಿಸಿ ಕೊಟ್ಟರು. ಬೆಳಗಿನ ಜಾವ ಬಾವಿಯಿಂದ ಸೇದಿದ ತಣ್ಣೀರು, ಕೆಂಡವಾಗಿದ್ದ ಬೀಡುಕಬ್ಬಿಣದ ಮೇಲೆ ಬಿತ್ತು. ಟಣ್ ಎಂದು ಒಂದೇ ಸದ್ದು. ಬ್ಯಾಂಡಿನ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವಳು ಬಹುಶಃ ನಾನೊಬ್ಬಳೇ.

ಆರತಿ ತಟ್ಟೆ ಯಾರ ಕೈಗೋ ಕೊಟ್ಟು ಹಿತ್ತಲಿಗೆ ಓಡಿದೆ. ಅಕ್ಕೋರು ಹುಗ್ಗಿಯ ಹಂಡೆಯ ಮುಂದೆ ಇದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು, ನೀರು ಬಿಸಿಯಿತ್ತೋ ತಣ್ಣಗಿತ್ತೋ ಎಂದು. ತಣ್ಣಗಿತ್ತು ಎಂದೆ. ಸ್ವಲ್ಪ ಹೊತ್ತು ಸೌಟು ನಿಂತಿತು. ಹುಗ್ಗಿ ತಳ ಹಿಡಿಯುತ್ತದೆ ಎಂದು ಮತ್ತೆ ತಿರುವತೊಡಗಿದರು. ಸಾವಿರ ಜನ ಆ ಹುಗ್ಗಿ ಉಂಡು ಕೈ ತೊಳೆದರು. ನಾನು ಉಣ್ಣದೆ ಎಲೆ ಮಡಚಿ ಎದ್ದೆ.

ಎಂಜಿನ್ನಿನ ಬ್ಲಾಕಿಗೆ, ಅಂದರೆ ಸಿಲಿಂಡರುಗಳನ್ನೆಲ್ಲ ಹೊತ್ತ ಆ ದೊಡ್ಡ ಎರಕದ ಮೈಗೆ, ಗೇಣುದ್ದ ಸೀಳು ಬಿಟ್ಟಿತ್ತು. ಆ ಗಾಡಿಗೆ ಬೇರೆ ಬ್ಲಾಕ್ ಇಡೀ ದೇಶದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅಣ್ಣ ಬಂದು ನೋಡಿ, ಡೀಸೆಲ್ ಎಂಜಿನ್ ಕೂಡಿಸಿದರಾಯಿತು, ಮದುವೆ-ಮುಂಜಿಗೆ ನಡೆಯಲು ಸಾಕು ಎಂದರು. ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. ನಾನು ಹೇಳಿದ್ದು ಅಕ್ಕೋರಿಗೆ ತಿಳಿದಿಲ್ಲ ಎಂಬ ಧೈರ್ಯದಲ್ಲಿ ಸುಮ್ಮನಿದ್ದೆ, ಭಾನುವಾರ ಮಾತ್ರ ತಪ್ಪಿಸದೆ ಗೋದಾಮಿಗೆ ಹೋಗುತ್ತಿದ್ದೆ.

ಗುಲ್ಬರ್ಗಾದಲ್ಲಿ ರೈತರ ಪಂಪ್‌ಸೆಟ್ ಎಂಜಿನ್ನು ರಿಪೇರಿ ಮಾಡುವ ಒಬ್ಬ ಲೇತಿನ ಮುದುಕ ಇದ್ದ. ಅಕ್ಕೋರು ಸೀಳಿನ ಅಚ್ಚನ್ನು ಹಾಳೆಯ ಮೇಲೆ ಸೀಸದಕಡ್ಡಿಯಿಂದ ತಿಕ್ಕಿ ತೆಗೆದು, ಜಂಪರಿನ ಕಟಿಂಗಿನಂತೆ ಮಡಚಿಕೊಂಡು ಅವನ ಹತ್ತಿರ ಹೋದರು. ಬೀಡುಕಬ್ಬಿಣಕ್ಕೆ ವೆಲ್ಡಿಂಗ್ ಹತ್ತಿದರೂ ನಿಲ್ಲುವುದಿಲ್ಲ, ಕಾಯಿಸಿದರೆ ಇನ್ನೊಂದು ಕಡೆ ಬಿಡುತ್ತದೆ ಎಂದ ಮುದುಕ, ಆಮೇಲೆ, "ಇದಕ ಟಾಕಿ ಹಾಕಬೇಕಾಗ್ತದ ಬಾಯಿ. ನಿಮ್ಮಿಂದ ಆಗೂ ಕೆಲಸ ಅಲ್ಲ," ಎಂದ. ನಮ್ಮ ಕಡೆ ಬಟ್ಟೆಯ ಹೊಲಿಗೆಗೂ ಟಾಕಿ ಅನ್ನುತ್ತಾರೆ, ದವಾಖಾನೆಯಲ್ಲಿ ಗಾಯ ಹೊಲಿದರೂ ಟಾಕಿ ಅನ್ನುತ್ತಾರೆ. ಕಬ್ಬಿಣಕ್ಕೂ ಟಾಕಿ ಇದೆ ಎಂದು ನಾವು ಕೇಳಿದ್ದು ಅವತ್ತೇ. ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. ಅಣ್ಣನ ಮಗನ ಮದುವೆಯ ನಂತರ ನಾನು ನೋಡಿದ ಅವರ ಮೊದಲ ನಗು ಅದು. ತಾವು ಇಪ್ಪತ್ತು ವರ್ಷದಿಂದ ಏನು ಕೆಲಸ ಮಾಡುತ್ತಿದ್ದೇವೆಂದು ಮುದುಕನಿಗೆ ಹೇಳಿದಾಗ ಅವನೂ ನಕ್ಕು, ಎರಡು ದಿನ ಕೂರಿಸಿಕೊಂಡು ಕಲಿಸಿದ.

ಮೊದಲು ಸೀಳಿನ ಎರಡೂ ತುದಿಗೆ ಒಂದೊಂದು ತೂತು ಹಾಕಬೇಕು, ಇಲ್ಲವಾದರೆ ಹರಿದ ಬಟ್ಟೆಯ ಹಾಗೆ ಸೀಳು ಮುಂದೆ ಓಡುತ್ತದೆ. ಆಮೇಲೆ ಸೀಳಿನ ಉದ್ದಕ್ಕೂ ಕಡ್ಡಿಯಷ್ಟು ತೂತು ಕೊರೆದು, ಒಳಗೆ ಸ್ಕ್ರೂವಿನ ಸುತ್ತು ಹೊಡೆದು, ಮೆತ್ತನೆಯ ಲೋಹದ ಮೊಳೆಯನ್ನು ತಿರುವಿ ಕೂಡಿಸಿ, ತಲೆ ಕತ್ತರಿಸಬೇಕು. ಮುಂದಿನ ತೂತು ಹಿಂದಿನ ಮೊಳೆಯನ್ನು ಅರ್ಧ ಕಚ್ಚಿಕೊಂಡಿರಬೇಕು. "ಬಖಿಯಾ ಅದ ಇದು," ಎಂದರು ಅಕ್ಕೋರು. ಅರ್ಧ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಆ ಹೊಲಿಗೆಯನ್ನು ಅವರು ಆರನೆಯ ತರಗತಿಯ ಹುಡುಗಿಯರಿಗೆ ಕಲಿಸುತ್ತಿದ್ದರು. ಕೈ ಡ್ರಿಲ್ಲಿನಲ್ಲಿ ಒಂದು ಭಾನುವಾರಕ್ಕೆ ಒಂದು ಮೊಳೆ, ಬಹಳವೆಂದರೆ ಎರಡು. ನಾನು ಬ್ಯಾಟರಿ ದೀಪ ಹಿಡಿಯುತ್ತಿದ್ದೆ, ತೂತಿಗೆ ಎಣ್ಣೆ ಬಿಡುತ್ತಿದ್ದೆ. ಶಾಲೆಯ ಕೆಲಸ, ಪರೀಕ್ಷೆ, ಅವರ ಕಣ್ಣಿನ ಆಪರೇಷನ್ನು, ಎಲ್ಲದರ ನಡುವೆ ಗೇಣು ಸೀಳು ಹೊಲಿಯಲು ಎರಡು ವರ್ಷ ಹಿಡಿಯಿತು. ಮುಗಿದ ದಿನ ನೀರು ತುಂಬಿಸಿ, ಕೆಳಗೆ ಹಳೆಯ ಪೇಪರ್ ಹಾಸಿ ಬಂದೆವು. ಮರುದಿನ ಬೆಳಿಗ್ಗೆ ನೋಡಿದರೆ ಪೇಪರಿನ ಮೇಲೆ ಒಂದು ಹನಿ ಇಲ್ಲ. ಅಕ್ಕೋರು ಕೈಗನ್ನಡಿಯನ್ನು ಬ್ಲಾಕಿನ ಹಿಂದೆ ಹಿಡಿದು ಆ ಕಡೆಯನ್ನೂ ನೋಡಿದ ಮೇಲೇ ಹೂಂ ಎಂದರು.

ಉಳಿದಿದ್ದ ನೂರು ಚಿಲ್ಲರೆ ಮೈಲಿಯನ್ನೂ ಅವರು ಮೂವತ್ತರಲ್ಲೇ ತುಂಬಿಸಿದರು. ನಾನಾಗಿದ್ದರೆ ಬಿಡುತ್ತಿದ್ದೆ. ಆಮೇಲೆ ಒಂದು ಭಾನುವಾರ, ತೊಗರಿ ಹೂವಾಡುವ ಕಾಲ, ಊರು ದಾಟುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಟ್ಟಿ ಹಿಡಿದುಕೊಳ್ಳಿ ಎಂದರು. ಐವತ್ತು, ಅರವತ್ತು, ಎಪ್ಪತ್ತು. ಸದ್ದು ಹೆಚ್ಚಾಗುವ ಬದಲು ಸಣ್ಣಗಾಗುತ್ತ ಹೋಯಿತು. ಹೊಲಗಳು ಹಳದಿಯ ಒಂದೇ ಪಟ್ಟಿಯಾದವು. ಎರಡು ಲಾರಿ, ಒಂದು ಸರಕಾರಿ ಜೀಪು ಹಿಂದೆ ಬಿದ್ದವು. ಎಂಬತ್ತೈದಕ್ಕೆ ಮುಳ್ಳು ಬಂದಾಗ ಅವರ ಮುಖ ನೋಡಿದೆ. ಐವತ್ತರ ಆ ಹೆಂಗಸು ಜಾರುಬಂಡಿಯ ಮೇಲಿನ ಹುಡುಗಿಯಾಗಿದ್ದರು. ಬ್ರಿಜ್ ಬಂದುಬಿಟ್ಟಿತು, ನನಗೆ ಅದು ಇನ್ನೂ ದೂರ ಇರಬೇಕಾಗಿತ್ತು ಅನ್ನಿಸಿತು.

ಬ್ರಿಜ್‌ನ ಪಕ್ಕ ಗಾಡಿ ನಿಲ್ಲಿಸಿ ಇಳಿದು ನದಿ ನೋಡುತ್ತ ನಿಂತೆವು. ಇನ್ನು ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿ ಹೇಳಿಬಿಟ್ಟೆ.

"ಅಕ್ಕೋರ, ಮೆಲ್ಲಕ ಹೋದ್ರ ಏನೂ ಆಗೂದಿಲ್ಲಂತ ನಿಮ್ಮ ಅಣ್ಣಗ ಹೇಳಿದಾಕಿ ನಾನ್ರಿ."

"ಗೊತ್ತದ," ಎಂದರು ನದಿಯ ಕಡೆಗೇ ನೋಡುತ್ತ. "ಸೈನ್ಸ್ ಅಕ್ಕೋರು ಹೂಂ ಅಂದಾರಂತ ಅಂವ ಬಂದು ಹೇಳಿದ. ನೀವು ಅಂದೀರಿ ಅಂದಿದ್ದಕ್ಕ ಕೀಲಿ ಕೊಟ್ಟೆ."

ಅಣ್ಣನ ಜೋರಿಗೆ ಸೋತು ಕೊಟ್ಟಿರಬೇಕೆಂದು ಎರಡು ವರ್ಷ ನಾನು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದದ್ದೇ ಬೈದದ್ದು. ಕೀಲಿ ಕೊಡಿಸಿದ್ದು ನನ್ನ ಮಾತು. ಹಾಗಿದ್ದರೆ ಎರಡು ವರ್ಷ ನನ್ನನ್ನು ಯಾಕೆ ಹತ್ತಿರ ಕೂರಿಸಿಕೊಂಡಿರಿ ಎಂದು ಕೇಳಿದೆ. ಅವರು ಆ ಕರಿ ಚುಕ್ಕೆಯ ಬೆರಳಿನಿಂದ ಬಾನೆಟ್ಟಿನ ಮೇಲಿನ ಧೂಳು ಒರೆಸಿದರು.

"ಟಾಕಿ ಸೀಳಿನ ಎರಡೂ ಕಡೀಗೆ ಹಿಡೀಬೇಕ್ರಿ. ಒಂದ ಕಡೀಗೆ ಹಿಡದ್ರ ಅದು ಹೊಲಿಗಿ ಅಲ್ಲ."

ಮತ್ತೆ ಆ ವಿಷಯ ಅವರು ಎತ್ತಲಿಲ್ಲ. ಆ ಓಟ ಕೂಡ ಅದೇ ಮೊದಲು, ಅದೇ ಕೊನೆ. ಒಮ್ಮೆ ಆಯಿತಲ್ಲ ಎಂದರು. ಆಮೇಲೆ ತಿಂಗಳಿಗೊಮ್ಮೆ ಐವತ್ತರಲ್ಲಿ ಹೋಗಿ ಬರುತ್ತಿದ್ದರು, ಮುಂದೆ ನಾನು ಮದುವೆಯಾಗಿ ಬಸುರಾದಾಗ ಹೆರಿಗೆಗೆ ಗುಲ್ಬರ್ಗಾ ದವಾಖಾನೆಗೆ ಒಯ್ದದ್ದೂ ಅವರೇ. ಊರಿನವರು ಮಾತ್ರ ಮತ್ತೆ ಮಿಸ್ತ್ರಿ ಯಾರು ಎಂದೇ ಕೇಳುತ್ತಿದ್ದರು. ಅಣ್ಣ ಮತ್ತೆ ಗುಲ್ಬರ್ಗಾದವನು ಎಂದೇ ಹೇಳುತ್ತಿದ್ದರು.

ತೊಂಬತ್ತರ ನಂತರ, ನಿವೃತ್ತಿಗೆ ಮೂರು ವರ್ಷ ಇರುವಾಗ, ಕಾಮಾಲೆ ಬಂದು ಹದಿನೈದು ದಿನದಲ್ಲಿ ಹೋಗಿಬಿಟ್ಟರು. ಅಷ್ಟರಲ್ಲಾಗಲೇ ಅಣ್ಣ ಗಾಡಿಯ ಗಿರಾಕಿ ಹುಡುಕಿದ್ದರು. ಕಾಗದ ತಂದೆಯ ಹೆಸರಿನಲ್ಲಿ, ತಂದೆಗೆ ವಾರಸುದಾರ ಮಗ. ಕಾನೂನಿಗೆ ಇಷ್ಟು ಸಾಕಂತೆ. ಮಣ್ಣು ಮಾಡಿ ಬಂದ ಹನ್ನೊಂದನೆಯ ದಿನಕ್ಕೆ ಗೋದಾಮು ಖಾಲಿಯಾಗಿತ್ತು. ಸೀರೆಯ ಚೂರುಗಳು ನೆಲದ ಮೇಲೆ ಬಿದ್ದಿದ್ದವು, ಕೆಂಪು, ಹಸಿರು, ಹೂವಿನದು.

ಶಾಲೆಯಲ್ಲಿ ಸಂತಾಪ ಸಭೆ ಇಟ್ಟರು. ಹೆಡ್‌ಮಾಸ್ತರು ಮಾತಾಡಿದರು: ಹೊಲಿಗೆ ಅಕ್ಕೋರು ಬಹಳ ಚಂದ ಜಂಪರ್ ಹೊಲಿಯುತ್ತಿದ್ದರು, ಪ್ರತಿ ವರ್ಷ ಧ್ವಜದ ಅಂಚು ಹೊಲಿದುಕೊಡುತ್ತಿದ್ದರು. ಮುಗಿಯಿತು. ಮೂವತ್ತು ವರ್ಷದ ನೌಕರಿ, ಎರಡು ವಾಕ್ಯ. ಆಮೇಲೆ ವೇದಿಕೆಯ ಮೇಲಿದ್ದ ಅಣ್ಣ ಎದ್ದರು. ತಂಗಿಗೆ ಗಾಡಿಯೆಂದರೆ ಬಹಳ ಆಸೆ, ಅವಳ ಆಸೆಗಾಗಿ ತಾವು ಗುಲ್ಬರ್ಗಾದ ಮಿಸ್ತ್ರಿಯನ್ನು ಕರೆಸಿ ನಮ್ಮ ಮನಿ ಗಾಡಿಯನ್ನು ರಿಪೇರಿ ಮಾಡಿಸಿದ್ದೆವು ಎಂದು ಕಣ್ಣು ಒರೆಸಿಕೊಂಡರು. ಮುಂದಿನ ಸಾಲಿನವರು ತಲೆಯಾಡಿಸಿದರು.

ನಾನು ಎದ್ದು ನಿಂತೆ. ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

"ಆ ಗಾಡಿಗೆ ಯಾವ ಮಿಸ್ತ್ರೀನೂ ಇದ್ದಿಲ್ಲರಿ," ಎಂದೆ. ಹುಡುಗಿಯರ ಕೊನೆಯ ಸಾಲಿಗೂ ಕೇಳಿಸಿತು. "ಅದರ ಎಂಜಿನ್ ಒಡದವರು ಇಬ್ಬರು. ಒಬ್ಬರು ಸ್ಟೇಜ್ ಮ್ಯಾಲ ಅದಾರ, ಇನ್ನೊಬ್ಬಾಕಿ ನಾನು. ಅದಕ ಟಾಕಿ ಹಾಕಿ ಹೊಲಿದವರು ಅಕ್ಕೋರೊಬ್ಬರೇ."

ಅಣ್ಣ ನನ್ನ ಕಡೆ ನೋಡಲಿಲ್ಲ, ಕೈಗಡಿಯಾರ ನೋಡಿಕೊಂಡರು. ಹೆಡ್‌ಮಾಸ್ತರು ಗಡಿಬಿಡಿಯಿಂದ ಮೈಕ್ ಹಿಡಿದು, ಮೃತರ ಗೌರವಕ್ಕೆ ಎರಡು ನಿಮಿಷ ಮೌನ ಎಂದರು. ಎಲ್ಲರೂ ಎದ್ದು ತಲೆ ಬಾಗಿಸಿದರು. ಅಕ್ಕೋರ ಬಗ್ಗೆ ಆ ಊರು ಅಷ್ಟು ವರ್ಷವೂ ಮೌನವಾಗಿಯೇ ಇತ್ತು, ನಾನೂ ಅದರ ಜೊತೆ ಇದ್ದೆ. ಇನ್ನೆರಡು ನಿಮಿಷ ಇರಲು ನನ್ನಿಂದ ಆಗಲಿಲ್ಲ. ಕುರ್ಚಿ ಸದ್ದಾಗುವ ಹಾಗೆ ಸರಿಸಿ ಹೊರಗೆ ಬಂದೆ.